ಉಡಿಗೆ ಜಾಗವಿಲ್ಲದ ಬ್ಯಾಗು

ನನ್ನ ನಾಲಿಗೆ ಕೆಟ್ಟದ್ದು ಎಂದು ಬ್ಯಾಡಗಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಮೆಣಸಿನಕಾಯಿ ಊರಿನ ಸೊಸೆ, ಖಾರ ಇರದೆ ಇರುತ್ತದೆಯೇ ಎಂದು ನಾನೇ ನಗಾಡಿ ಇಷ್ಟು ವರ್ಷ ತಪ್ಪಿಸಿಕೊಂಡು ಬಂದಿದ್ದೇನೆ. ಆದರೆ ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ ಮುಂಬೈಗೆ ವಿಮಾನದಲ್ಲಿ ಹೊರಟಾಗ ನಾನು ಮಾಡಿದ ಕೆಲಸಕ್ಕೆ ಆ ನಗೆ ಸಾಲುವುದಿಲ್ಲ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಓದಿದವರು ನನ್ನನ್ನು ಬೈದರೆ ಬೈಯಲಿ.

ನನ್ನ ಗಂಡ ಮತ್ತು ಮೈದುನ ಕೂಡಿ ರೈತರ ಮೆಣಸಿನಕಾಯಿಯನ್ನು ದಲಾಲಿಗೆ ಮಾರಿಸಿಕೊಡುವ ಅಡತಿ ಅಂಗಡಿ ನಡೆಸುತ್ತಾರೆ. ಮೇ ತಿಂಗಳ ಹೊತ್ತಿಗೆ ಮಾರ್ಕೆಟ್ಟಿಗೆ ಬರುವ ಚೀಲಗಳು ಕಡಿಮೆಯಾಗಿ, ಊರೆಲ್ಲ ಕೆಮ್ಮುವುದು ನಿಂತು, ಗಂಡಸರಿಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಬಹಳ ವರ್ಷದಿಂದ ನಮ್ಮಲ್ಲಿ ಮಾಲು ಕೊಳ್ಳುವ ಮುಂಬೈಯ ವ್ಯಾಪಾರಿಯೊಬ್ಬರು, ತಮ್ಮ ಕಟ್ಟಡದಲ್ಲಿ ಒಂದು ಮನೆ ಖಾಲಿ ಇದೆ, ಐದು ದಿನ ಬಂದು ಇದ್ದು ಹೋಗಿ ಎಂದು ಕರೆದರು. ಬೇಸಿಗೆಯಲ್ಲಿ ಜನ ತಂಪು ಹುಡುಕಿ ಹೋಗುತ್ತಾರೆ, ನೀವು ಬೆವರಲು ಮುಂಬೈಗೆ ಹೊರಟಿರಾ ಎಂದು ಅಕ್ಕಪಕ್ಕದವರು ಆಡಿಕೊಂಡರು. ನಾವು ನಾಲ್ಕು ಜನ: ನಾನು, ನನ್ನ ಗಂಡ, ಮೈದುನ, ಅವನ ಹೆಂಡತಿ. ನನ್ನ ಮಕ್ಕಳಿಬ್ಬರೂ ಪರೀಕ್ಷೆ ಎಂದು ಹಾಸ್ಟೆಲ್ಲಿನಲ್ಲೇ ಉಳಿದರು.

ಮೈದುನನ ಹೆಂಡತಿ, ಎಂದರೆ ನನ್ನ ನೆಗೆಣ್ಣಿ, ಕರ್ಜಗಿಯ ಹೊಲಮನೆಯವರ ಮಗಳು. ನಮ್ಮ ಮನೆಗೆ ಬಂದು ಆರು ವರ್ಷವಾಗಿತ್ತು. ಮಾತು ಕಡಿಮೆ, ಕೈ ಚುರುಕು. ನಾನು ಅವಳನ್ನು ತಂಗಿ ಎಂದು ಕರೆಯುತ್ತಿದ್ದೆ, ಅವಳು ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಕೀಲಿಕೈ ಗೊಂಚಲು ನನ್ನ ಸೊಂಟಕ್ಕೆ ಬಂದಿತ್ತು. ತಂಗಿ ಎನ್ನುವ ಬಾಯಿಂದಲೇ ಅವಳಿಗೆ ಅನ್ನ ಎಷ್ಟು ಇಡಬೇಕು, ಸೀರೆ ಯಾವುದು ಉಡಬೇಕು, ತವರಿಗೆ ಎಷ್ಟು ದಿನ ಹೋಗಬೇಕು ಎಂದು ಹೇಳುವವಳೂ ನಾನೇ ಆಗಿದ್ದೆ.

ಮನೆಯಲ್ಲಿ ಮೊದಲು ವಿಮಾನ ಹತ್ತಿದವಳು ನಾನು. ಒಂದು ಸಲ ಗಂಡನ ಜೊತೆ ದಿಲ್ಲಿಗೆ ಹೋಗಿ ಬಂದದ್ದು ಅಷ್ಟೇ. ಅಷ್ಟಕ್ಕೇ ವಿಮಾನದ ವಿಷಯದಲ್ಲಿ ನನ್ನ ಮಾತೇ ಕೊನೆ ಎಂದಾಗಿತ್ತು. ದಿಲ್ಲಿಯಲ್ಲಿ ಸಾಮಾನು ಹೊತ್ತು ಸುತ್ತುವ ಪಟ್ಟಿಯ ಮುಂದೆ ಮುಕ್ಕಾಲು ತಾಸು ನಿಂತು, ಹರಿದ ರಟ್ಟಿನ ಡಬ್ಬಿ ತಬ್ಬಿಕೊಂಡು ಹೊರಗೆ ಬಂದಿದ್ದೆ. ಪಕ್ಕದಲ್ಲೇ ಪಟ್ಟಣದ ಹೆಂಗಸರು ಗಾಲಿಯ ಸಣ್ಣ ಬ್ಯಾಗೊಂದನ್ನು ಎರಡು ಬೆರಳಿನಲ್ಲಿ ಎಳೆದುಕೊಂಡು, ಯಾರನ್ನೂ ನೋಡದೆ, ಸೀದಾ ಹೊರಗೆ ಹೋಗುತ್ತಿದ್ದರು. ಆ ನಡಿಗೆ ನನ್ನ ಕಣ್ಣಿನಲ್ಲಿ ಕೂತುಬಿಟ್ಟಿತ್ತು. ಈ ಸಲ ನಾನೂ ಹಾಗೆಯೇ ನಡೆಯಬೇಕೆಂದು ತೀರ್ಮಾನಿಸಿದ್ದೆ.

ಟಿಕೆಟ್ಟಿನಲ್ಲಿ ಎರಡು ಸಾಲು ಇದ್ದವು. ಕೈಯಲ್ಲಿ ಒಯ್ಯುವ ಬ್ಯಾಗು ತಲೆಗೆ ಏಳು ಕಿಲೋ. ವಿಮಾನದ ಹೊಟ್ಟೆಗೆ ಹಾಕುವ ಸಾಮಾನು ತಲೆಗೆ ಹದಿನೈದು ಕಿಲೋ. ಎರಡನ್ನೂ ನಾನು ಓದಿದೆ, ಮನೆಯವರಿಗೆ ಒಂದನ್ನೇ ಹೇಳಿದೆ. ಏಳು ಕಿಲೋ, ಒಬ್ಬರಿಗೆ ಒಂದೇ ಬ್ಯಾಗು, ಮೇಲೆ ಒಂದು ಗುಂಜಿ ಹೆಚ್ಚಾದರೂ ಬಾಗಿಲಲ್ಲೇ ನಿಲ್ಲಿಸುತ್ತಾರೆ ಎಂದೆ. ಗಂಡಸರು ಟಿಕೆಟ್ ತೆಗೆಸಿದ್ದಷ್ಟೇ, ಓದುವ ಗೋಜಿಗೆ ಹೋಗಿರಲಿಲ್ಲ.

ಬ್ಯಾಗು ಕೊಳ್ಳಲು ನಾವಿಬ್ಬರೇ ರಾಣೆಬೆನ್ನೂರಿಗೆ ಹೋದೆವು. ರಾಣೆಬೆನ್ನೂರು ನನ್ನ ತವರು. ಅಪ್ಪನಿಗೆ ಅಲ್ಲಿ ಬೀಜದ ಅಂಗಡಿ ಇತ್ತು, ಈಗ ಅಣ್ಣಂದಿರದು. ಅವ್ವ ಸತ್ತು ಆಗ ಹನ್ನೊಂದು ವರ್ಷವಾಗಿತ್ತು. ಅವಳ ಜೊತೆಗೇ ನನ್ನ ತವರೂ ಹೋಯಿತು. ಪಂಚಮಿಗೆ ಕರೆಯಲು ಬರುವವರಿಲ್ಲ, ಹೋದರೆ ಚಹಾ ಕೊಟ್ಟು ಗಡಿಯಾರ ನೋಡುತ್ತಾರೆ. ಬ್ಯಾಗಿನ ಅಂಗಡಿಗೆ ಹೋಗಲು ಅಣ್ಣಂದಿರ ಮನೆಯ ಓಣಿಯನ್ನೇ ದಾಟಬೇಕಿತ್ತು. ಮಹಡಿಯ ಕಟಾಂಜನದಲ್ಲಿ ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿದಳು, ನಕ್ಕಳು, ಒಳಗೆ ಹೋದಳು. ನೆಗೆಣ್ಣಿ ಪಕ್ಕದಲ್ಲಿದ್ದಳಾದ್ದರಿಂದ ನಾನು ಬಿಸಿಲನ್ನು ಬೈದುಕೊಂಡು ಬೇಗ ಬೇಗ ನಡೆದೆ. ಅವಳು ಕಂಡೂ ಕಾಣದವಳಂತೆ ಸುಮ್ಮನೆ ಬಂದಳು. ಆ ಸುಮ್ಮನಿರುವಿಕೆಯೂ ನನಗೆ ಸಹನವಾಗಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಂಗಡಿಯ ಹಿತ್ತಲಿನಲ್ಲಿ, ಮೆಣಸಿನಕಾಯಿ ಚೀಲ ತೂಗುವ ಕಾಟಾದ ಮೇಲೆ ನಾಲ್ಕೂ ಬ್ಯಾಗು ಇಟ್ಟು ತೂಗಿಸಿದೆ. ನಾಲ್ಕಾರು ಹಮಾಲರು ಕೆಲಸವಿಲ್ಲದೆ ನೆರಳಲ್ಲಿ ಕೂತಿದ್ದರು. ಗಂಡಸರ ಬ್ಯಾಗಿನಲ್ಲಿ ಏನಿರುತ್ತದೆ, ನಾಲ್ಕು ಅಂಗಿ, ಎರಡು ಪ್ಯಾಂಟು. ನೆಗೆಣ್ಣಿಯದು ಹತ್ತೂವರೆ ತೂಗಿತು. ಅವರೆಲ್ಲರ ಮುಂದೆಯೇ ಅದನ್ನು ಬಿಚ್ಚಿದೆ. ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಹೊದೆಯುವ ಚಾದರ, ಒಂದು ತಂಬಿಗೆ. ತಂಬಿಗೆಯನ್ನು ಎತ್ತಿ ಹಿಡಿದು, ವಿಮಾನದ ಕಿಟಕಿಯಿಂದ ಮೋಡಕ್ಕೆ ಕೈ ಹಾಕಿ ನೀರು ತುಂಬಿಕೊಳ್ಳುತ್ತೀಯಾ ಎಂದು ಕೇಳಿದೆ. ಹಮಾಲರು ನಕ್ಕರು. ಅವಳೂ ನಕ್ಕಳು, ಕಿವಿ ಕೆಂಪಾಗಿದ್ದವು. ಎಲ್ಲ ತೆಗೆಸಿ, ಸೀರೆಗಳನ್ನು ಸುರುಳಿ ಸುತ್ತಿ ಇಡುವುದು ಹೇಗೆಂದು ತೋರಿಸಿ, ಸರಿಯಾಗಿ ಏಳಕ್ಕೆ ತಂದೆ.

ಆಮೇಲೆ ಮನೆಯೊಳಗೆ ಬಂದಾಗ ಅವಳು ತಾನಾಗಿಯೇ ಮತ್ತೆರಡು ಸೀರೆ ಹೊರಗೆ ತೆಗೆಯುತ್ತಿದ್ದಳು. ಯಾಕೆಂದು ಕೇಳಿದೆ.

"ಅಕ್ಕಾರ, ನನ್ನ ಬ್ಯಾಗಿನ್ಯಾಗ ಒಂದ್ ಕಿಲೋದಷ್ಟು ಜಾಗ ಹಂಗ ಇರ್ಲಿರಿ. ನಾಳೆ ಅವ್ವ ಹಾವೇರ್ಯಾಗ ಉಡಿ ತುಂಬಾಕ ಬರ್ತಾಳಂತ."

ಇದು ಸಣ್ಣ ಮಾತಾಗಿರಲಿಲ್ಲ. ಅವಳ ತಾಯಿ ನಮ್ಮ ಮನೆಯ ಹೊಸ್ತಿಲು ತುಳಿಯದೆ ನಾಲ್ಕು ವರ್ಷವಾಗಿತ್ತು. ಅದಕ್ಕೆ ಕಾರಣ ನಾನೇ. ನೆಗೆಣ್ಣಿ ಮೊದಲ ಸಲ ಬಸುರಾದಾಗ ಆ ಹೆಂಗಸು ಕುಬಸ ಮಾಡಲು ಟ್ರ್ಯಾಕ್ಟರಿನಲ್ಲಿ ಬುಟ್ಟಿಗಟ್ಟಲೆ ತಿಂಡಿ ಹೇರಿಕೊಂಡು ಬಂದಿದ್ದಳು. ಕರ್ಚಿಕಾಯಿ ಒಂದನ್ನು ಮುರಿದು ಮೂಸಿ, ಎಣ್ಣೆ ಹಳತು ಎಂದು ಹತ್ತು ಹೆಂಗಸರ ಮುಂದೆ ಹೇಳಿದವಳು ನಾನು. ಬುಟ್ಟಿಗಳನ್ನು ಹಾಗೆಯೇ ಹಮಾಲರಿಗೆ ಕಳಿಸಿದವಳೂ ನಾನೇ. ಮರು ತಿಂಗಳು ಆ ಬಸುರು ಇಳಿದುಹೋಯಿತು. ತಾನು ತಂದದ್ದನ್ನು ತಿರಸ್ಕರಿಸಿದ್ದರಿಂದಲೇ ಹೀಗಾಯಿತೆಂದು ತಾಯಿ ಮನಸ್ಸಿಗೆ ಹಚ್ಚಿಕೊಂಡಳು. ಎದುರು ಮಾತಾಡದ ಮಗಳ ಮೇಲೂ ಮುನಿದಳು. ಪಂಚಮಿಗೆ ಒಂದು ದಿನ ಕರೆಸುತ್ತಿದ್ದಳು, ಬೀಗರ ಮಕ್ಕಳಿಗೆ ಬಡಿಸಿದ ಹಾಗೆ ಬಡಿಸಿ ಕಳಿಸುತ್ತಿದ್ದಳು. ಈಗ ಮಗಳು ವಿಮಾನ ಹತ್ತುತ್ತಾಳೆಂದು ಕೇಳಿ ಅವಳಿಗೆ ಜೀವ ನಿಂತಿರಲಿಲ್ಲ. ತಾನಾಗಿಯೇ ಫೋನ್ ಮಾಡಿ, ಬ್ಯಾಡಗಿಗೆ ಬರುವುದಿಲ್ಲ, ಹಾವೇರಿಯ ಹೈವೇ ಬದಿಗೆ ಬಂದು ನಿಲ್ಲುತ್ತೇನೆ ಎಂದಿದ್ದಳು.

ನೆಗೆಣ್ಣಿಯ ಮುಖದಲ್ಲಿ ಆವತ್ತು ಇದ್ದ ಕಳೆಯನ್ನು ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ. ಬೆಳಗಿನಿಂದ ಹಾಡು ಗುನುಗುತ್ತ ಪಾತ್ರೆ ತಿಕ್ಕಿದ್ದು ಅದಕ್ಕೇ ಎಂದು ಆಗ ತಿಳಿಯಿತು. ಆಗಲಿ ಎಂದೆ. ಅವಳು ಸ್ನಾನಕ್ಕೆ ಹೋದಾಗ ನನ್ನ ಎರಡು ರೇಷ್ಮೆ ಸೀರೆ, ಪೌಡರಿನ ಡಬ್ಬಿ, ಹೊಸ ಚಪ್ಪಲಿ ತಂದು ಅವಳ ಬ್ಯಾಗಿನ ತಳಕ್ಕೆ ಒತ್ತಿ ಮೇಲೆ ಅವಳ ಸೀರೆ ಹೊದಿಸಿದೆ. ನನ್ನ ಬ್ಯಾಗಿನಲ್ಲಿ ಅವಕ್ಕೆ ಜಾಗವಿರಲಿಲ್ಲ ಎಂಬುದು ಖರೇ. ಇದ್ದಿದ್ದರೂ ನಾನು ಅಲ್ಲೇ ತುರುಕುತ್ತಿದ್ದೆ ಎಂಬುದೂ ಖರೇ. ಒಬ್ಬಳ ತವರು ಮಹಡಿಯ ಮೇಲಿನಿಂದ ನಕ್ಕು ಒಳಗೆ ಹೋಗುತ್ತದೆ, ಇನ್ನೊಬ್ಬಳ ತವರು ಬಿಸಿಲಲ್ಲಿ ರಸ್ತೆಗೆ ಬಂದು ನಿಲ್ಲುತ್ತದೆ. ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರಿಲ್ಲ.

ಮರುದಿನ ಬಾಡಿಗೆ ಕಾರಿನಲ್ಲಿ ಹೊರಟೆವು. ವಿಮಾನ ಹುಬ್ಬಳ್ಳಿಯಿಂದ ಮಧ್ಯಾಹ್ನಕ್ಕೆ. ಹಾವೇರಿಯ ಹತ್ತಿರ ಮೇಲ್ಸೇತುವೆಯ ನೆರಳಿನಲ್ಲಿ ಆ ತಾಯಿ ನಿಂತಿದ್ದಳು. ಮೊದಲ ಬಸ್ಸಿಗೇ ಬಂದು ಎರಡು ತಾಸಿನಿಂದ ಕಾಯುತ್ತಿದ್ದಳಂತೆ. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ, ಬಗಲಲ್ಲಿ ಮಣೆ. ಉಡಿ ತುಂಬಿಸಿಕೊಳ್ಳುವವಳು ಬರಿ ನೆಲದ ಮೇಲೆ ಕೂಡಬಾರದೆಂದು ಮನೆಯ ಮಣೆಯನ್ನೇ ಬಸ್ಸಿನಲ್ಲಿ ಹೊತ್ತು ತಂದಿದ್ದಳು. ಲಾರಿಗಳು ಭರ್ರೆಂದು ಹೋಗುತ್ತಿದ್ದವು. ಅವಳು ನೀರು ಚಿಮುಕಿಸಿ, ನಾಲ್ಕು ಎಳೆ ರಂಗೋಲಿ ಎಳೆದು, ಮಣೆ ಹಾಕಿ, ದಿಕ್ಕು ನೋಡಿ ಸರಿಮಾಡಿದಳು. ಗಂಡಸರು ಕಾರಿನ ಬಳಿ ನಿಂತು ಹೊತ್ತು ನೋಡಿಕೊಂಡರು.

ಅವಳು ಮೊದಲು ಕರೆದದ್ದು ನನ್ನನ್ನು. ಇಬ್ಬರು ಮುತ್ತೈದೆಯರಿದ್ದರೆ ಒಬ್ಬಳಿಗೆ ತುಂಬಿ ಇನ್ನೊಬ್ಬಳನ್ನು ಬಿಡುವುದಿಲ್ಲ. ನನಗೂ ಸೇರಿಸಿಯೇ ತಂದಿದ್ದಳು.

"ಬರ್ರಿ ಅಕ್ಕಾರ, ದೊಡ್ಡವರು ಮೊದಲ ಕುಂದ್ರಿ. ಆಕಾಶದಾಗ ಹೊಂಟೀರಿ, ಬರೇ ಉಡಿಲೇ ಹೋಗಬಾರ್ದು."

ನನಗೆ ಬೇಡ, ಒಯ್ಯಲು ಬಿಡುವುದಿಲ್ಲ ಎಂದೆ. ಅವಳ ಮುಖ ಸಪ್ಪಗಾಯಿತು, ಆದರೂ ಒತ್ತಾಯ ಮಾಡಲಿಲ್ಲ. ಮಗಳನ್ನು ಕೂಡಿಸಿದಳು. ಅರಿಶಿನ ಕುಂಕುಮ ಹಚ್ಚಿ, ಸೆರಗಿನ ಉಡಿಗೆ ಐದು ಬೊಗಸೆ ಅಕ್ಕಿ, ಎರಡು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಅಡಿಕೆ, ಬೆಲ್ಲದ ತುಂಡು, ಮೇಲೆ ಒಂದು ಹಸಿರು ಖಣ ಇಟ್ಟಳು. ಪ್ರತಿ ಬೊಗಸೆಗೂ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಕೊನೆಗೆ ಮಗಳ ಗದ್ದ ಹಿಡಿದು, ಈ ಅಕ್ಕಿ ಮುಂಬೈಯಲ್ಲಿ ದೇವರ ಮುಂದೆ ಇಟ್ಟು ಅನ್ನ ಮಾಡಿ ಉಣ್ಣು, ಬರುವ ವರ್ಷ ನಾನೇ ಬ್ಯಾಡಗಿಗೆ ಬರುತ್ತೇನೆ, ಬರುವಂಥ ಕಾರಣ ಕೊಡು ಎಂದಳು. ಕಾರಣ ಎಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮಗಳು ಬಿಕ್ಕಿ ಬಿಕ್ಕಿ ಅತ್ತಳು, ತಾಯಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ನನ್ನ ಬಾಯಿಗೆ ಅಷ್ಟರಲ್ಲೇ ಮಾತು ಬಂತು.

"ಅದನ್ನ ತಿರುಗಿ ಬುಟ್ಟಿಗೆ ಸುರುವು ತಂಗಿ. ವಿಮಾನದಾಗ ಕೊಬ್ಬರಿ ಬಿಡೂದಿಲ್ಲ."

ಅದು ಸುಳ್ಳಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿಯ ಭಯಕ್ಕೆ ಅದನ್ನು ಬಿಡುವುದಿಲ್ಲ ಎಂದು ದಿಲ್ಲಿಗೆ ಹೋಗುವಾಗ ನನ್ನ ಬ್ಯಾಗಿನಿಂದಲೇ ತೆಗೆಸಿದ್ದರು. ಕೊಬ್ಬರಿ ಇಲ್ಲದ ಉಡಿ ನಮ್ಮ ಕಡೆ ಯಾರು ಕಂಡಿದ್ದಾರೆ? ಹಿಂದಿನ ದಿನವೇ ಹೇಳಿದ್ದರೆ ಆ ತಾಯಿ ಬದಲಿಗೆ ಬೇರೆ ಏನಾದರೂ ತರುತ್ತಿದ್ದಳು. ನಾನು ಹೇಳಿರಲಿಲ್ಲ.

ನೆಗೆಣ್ಣಿ ಕಣ್ಣು ಒರೆಸಿಕೊಂಡು, ಕೊಬ್ಬರಿ ಅಷ್ಟೇ ತೆಗೆದರಾಯಿತು, ಉಳಿದದ್ದಕ್ಕೆ ಒಂದು ಕಿಲೋ ಜಾಗ ಇಟ್ಟಿದ್ದೇನೆ ಎಂದಳು. ನಾನು ಅವಳ ಬ್ಯಾಗು ತಂದು ಅವಳ ಮುಂದೆ ಜಿಪ್ ಎಳೆದೆ. ಮೇಲಿನ ಸೀರೆ ಸರಿಸಿದಾಗ ನನ್ನ ರೇಷ್ಮೆಯ ಅಂಚು ಕಂಡಿತು. ಅವಳು ಅದನ್ನು ನೋಡಿದಳು, ತಾಯಿಗೆ ಕಾಣದ ಹಾಗೆ ಮತ್ತೆ ಮುಚ್ಚಿದಳು. ನನ್ನ ಮಾನ ಕಾಯಲು ಮುಚ್ಚಿದಳೋ, ತನ್ನ ಗತಿ ತಾಯಿಗೆ ತಿಳಿಯಬಾರದೆಂದು ಮುಚ್ಚಿದಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಮೈದುನ ದೂರದಿಂದಲೇ, ಉಡಿಯನ್ನು ಕಾರಿನವನ ಕೈಯಲ್ಲಿ ಮನೆಗೆ ಕಳಿಸೋಣ ಎಂದ. ಉಡಿಯನ್ನು ಬೇರೆಯವರ ಕೈಯಲ್ಲಿ ಕಳಿಸುವಂಥದ್ದಲ್ಲ ಎಂದು ತಾಯಿ ಮೆಲ್ಲಗೆ ಹೇಳಿದಳು. ಅವನು ಮತ್ತೆ ಗಡಿಯಾರ ನೋಡಿದ.

ನಾನು ಬುಟ್ಟಿಯನ್ನು ಎತ್ತಿ ನೆಗೆಣ್ಣಿಯ ಮುಂದೆ ಹಿಡಿದೆ. ಇಲ್ಲೇ ತಡವಾದರೆ ನಾಲ್ಕೂ ಜನರ ಟಿಕೆಟ್ ಹಾಳಾಗುತ್ತದೆ, ಆಮೇಲೆ ಯಾರಿಂದ ಹಾಳಾಯಿತೆಂದು ಮನೆಯಲ್ಲಿ ಜನ್ಮವಿಡೀ ಮಾತಾಗುತ್ತದೆ ಎಂದೆ. ಮಾತಾಡುವವಳು ನಾನೇ ಎಂದು ಅವಳಿಗೆ ಗೊತ್ತಿತ್ತು. ಅವಳು ಮಣೆಯ ಮೇಲಿಂದ ಎದ್ದು, ಸೆರಗಿನ ಗಂಟು ಬಿಚ್ಚಿ, ತುಂಬಿದ ಉಡಿಯನ್ನು ತಾಯಿಯ ಬುಟ್ಟಿಗೆ ಸುರಿದಳು. ಅಕ್ಕಿ ಬಿದ್ದ ಸದ್ದು ಬಹಳ ಹೊತ್ತು ಬಂದ ಹಾಗೆ ನನಗನ್ನಿಸಿತು. ಕೊಟ್ಟ ಉಡಿಯನ್ನು ತಿರುಗಿ ಕೊಡುವುದೆಂದರೆ ನಿನ್ನ ಮನೆಯ ಹರಕೆ ನನಗೆ ಬೇಡ ಎಂದ ಹಾಗೆ. ಹಾಗೆ ಕೊಟ್ಟ ಮಗಳನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಕೇಳಿರಲಿಲ್ಲ.

ತಾಯಿ ಬಯ್ಯಲಿಲ್ಲ. ರಸ್ತೆಗೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದಳು. ಮಣೆಯನ್ನು ಬಗಲಿಗೆ ಇರುಕಿಕೊಂಡಳು. ಮಗಳ ಮುಖ ನೋಡದೆ, ಹುಷಾರಾಗಿ ಹೋಗಿ ಬರ್ರಿ ಎಂದು ನಮಗೆಲ್ಲ ಸೇರಿಸಿ ಹೇಳಿದಳು. ಮಗಳನ್ನೂ ಬಹುವಚನದಲ್ಲಿ ಸೇರಿಸಿಬಿಟ್ಟಳು.

ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ನಮ್ಮ ಬ್ಯಾಗುಗಳನ್ನು ಯಾರೂ ತೂಗಲಿಲ್ಲ. ನಮ್ಮ ಮುಂದಿದ್ದ ಕುಟುಂಬದವರು ರೊಟ್ಟಿಯ ಡಬ್ಬಿ, ಜೋಳದ ಹಿಟ್ಟಿನ ಚೀಲ, ಹಾಸಿಗೆಯ ಸುರುಳಿ ಎಲ್ಲ ಒಂದರ ಮೇಲೊಂದು ಪಟ್ಟಿಗೆ ಏರಿಸುತ್ತಿದ್ದರು. ಕೌಂಟರಿನ ಹುಡುಗಿ ನಮ್ಮನ್ನು ನೋಡಿ, ತಲೆಗೆ ಹದಿನೈದು ಕಿಲೋ ಇದೆಯಲ್ಲ, ಏನೂ ಹಾಕುವುದಿಲ್ಲವೇ ಎಂದು ಶುದ್ಧ ಕನ್ನಡದಲ್ಲಿ ಕೇಳಿದಳು. ನನ್ನ ಗಂಡ ನನ್ನತ್ತ ತಿರುಗಿದ. ನೆಗೆಣ್ಣಿ ಅದಕ್ಕೂ ಮುಂಚೆ ತಿರುಗಿದ್ದಳು.

"ನಿಮಗ ಗೊತ್ತಿತ್ತೇನ್ರಿ ಅಕ್ಕಾರ?"

"ಪಟ್ಟಿ ಮುಂದ ಮುಕ್ಕಾಲ ತಾಸು ಯಾರು ನಿಂದರ್ಬೇಕು," ಎಂದೆ.

ವಿಮಾನದಲ್ಲಿ ಅವಳಿಗೆ ಕಿಟಕಿಯ ಸೀಟು ಬಂದಿತ್ತು. ಹೊರಗೆ ನೋಡಲಿಲ್ಲ. ಸೊಂಟದ ನಿರಿಗೆಯಲ್ಲಿ ಸಿಕ್ಕಿಕೊಂಡಿದ್ದ ಐದಾರು ಅಕ್ಕಿಕಾಳುಗಳನ್ನು ಬೆರಳ ತುದಿಯಿಂದ ಹೆಕ್ಕಿ ಕರ್ಚೀಫಿನ ಮೂಲೆಗೆ ಗಂಟು ಹಾಕುತ್ತಿದ್ದಳು. ನಾನು ನಕ್ಕು, ಅಷ್ಟು ತೂಕಕ್ಕೆ ಅಡ್ಡಿಯಿಲ್ಲ ಬಿಡು ಎಂದೆ. ಅದನ್ನು ಯಾಕೆ ಅಂದೆನೋ! ಸುಮ್ಮನಿದ್ದಿದ್ದರೆ ನನ್ನ ತಪ್ಪು ಅಷ್ಟಾದರೂ ಕಡಿಮೆಯಾಗುತ್ತಿತ್ತು.

ಮುಂಬೈಯಲ್ಲಿ ಇಳಿದು, ಪಟ್ಟಿಯ ಸುತ್ತ ಕಾಯುವವರ ಮುಂದೆ ಗಾಲಿಯ ಬ್ಯಾಗು ಎಳೆದುಕೊಂಡು ನಾನು ಸೀದಾ ಹೊರಗೆ ನಡೆದೆ. ಯಾರೂ ನನ್ನನ್ನು ನೋಡಲಿಲ್ಲ. ಐದು ದಿನ ಸಮುದ್ರ, ಲೋಕಲ್ ರೈಲು, ಅಂಗಡಿ ಬೀದಿ ಎಂದು ಬೆವರು ಸುರಿಸಿಕೊಂಡು ತಿರುಗಿದೆವು. ನನಗೆ ದಿನಕ್ಕೊಂದು ಸೀರೆ ಇತ್ತು. ಅವಳು ಎರಡೇ ಸೀರೆಯನ್ನು ಸಂಜೆ ಸಂಜೆ ಹಿಂಡಿ ಹಾಕಿ ಬದಲಿಸಿ ಉಟ್ಟಳು. ವ್ಯಾಪಾರಿಯ ಹೆಂಡತಿ ಒಂದು ದಿನ ಅವಳ ಒದ್ದೆ ಅಂಚು ಮುಟ್ಟಿ, ಸಾಮಾನು ಕಳೆದುಹೋಯಿತೇ ಎಂದು ಹಿಂದಿಯಲ್ಲಿ ಕೇಳಿದಳು. ಹೌದು ಎಂದು ನೆಗೆಣ್ಣಿ ತಲೆಯಾಡಿಸಿದಳು. ದಿನವೂ ಒಂದು ಸಲ ಬಾಲ್ಕನಿಗೆ ಹೋಗಿ ಕರ್ಜಗಿಗೆ ಫೋನ್ ಹಚ್ಚುತ್ತಿದ್ದಳು. ಆ ಕಡೆಯಿಂದ ಯಾರೂ ಎತ್ತಲಿಲ್ಲ.

ಆ ವರ್ಷ ಪಂಚಮಿಗೆ ಅವಳನ್ನು ಕರೆಯಲು ಕರ್ಜಗಿಯಿಂದ ಯಾರೂ ಬರಲಿಲ್ಲ. ಹಬ್ಬದ ದಿನ ಉಂಡೆ ಕಟ್ಟುತ್ತ ಅವಳು ಎರಡು ಸಲ ಬಾಗಿಲಿಗೆ ಹೋಗಿ ಬಂದಳು. ಅವಳು ಸೊರಗುತ್ತಿದ್ದುದು ನನ್ನ ಗಂಡನ ಕಣ್ಣಿಗೂ ಬಿತ್ತು. ಕೆಡಿಸಿದವಳು ನೀನು, ನೀನೇ ಹೋಗಿ ಸರಿಮಾಡಿಕೊಂಡು ಬಾ ಎಂದ. ಅವನು ನನಗೆ ಹಾಗೆ ಹೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಹಬ್ಬ ಮುಗಿದ ವಾರ ನಾನೂ ನೆಗೆಣ್ಣಿಯೂ ಹಾವೇರಿಗೆ ಹೋಗಿ ಅಲ್ಲಿಂದ ಬಸ್ಸಿನಲ್ಲಿ ಕರ್ಜಗಿಗೆ ಹೋದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡೆ. ಹದಿನೈದು ಕಿಲೋ ಒಯ್ಯಬಹುದಿತ್ತು. ನಾನು ಮುಚ್ಚಿಟ್ಟೆ. ಅವಳು ಜಾಗ ಇಟ್ಟಿದ್ದಳು, ಅಲ್ಲಿ ನನ್ನ ಸೀರೆ ಇಟ್ಟೆ. ಅವಳದೇನೂ ತಪ್ಪಿಲ್ಲ. ಇಷ್ಟೇ ಮಾತು. ನೆಗೆಣ್ಣಿ ಪಕ್ಕದಲ್ಲಿ ಕೂತು, ನಾನು ಅದನ್ನು ಹೇಳುತ್ತೇನೆಂದು ನಂಬಿಕೊಂಡು ಬರುತ್ತಿದ್ದಳು. ತಾನೇ ಹೇಳಬಹುದಿತ್ತು. ಆದರೆ ಒಂದೇ ಮನೆಯಲ್ಲಿ ನನ್ನ ಕೈಕೆಳಗೆ ಇರಬೇಕಾದವಳು.

ಆ ತಾಯಿ ನಮ್ಮನ್ನು ಚೆನ್ನಾಗಿಯೇ ಕರೆದುಕೊಂಡಳು. ಕಾಲಿಗೆ ನೀರು ಕೊಟ್ಟಳು. ಬಿಸಿ ರೊಟ್ಟಿ, ಝುಣಕ, ಮೊಸರು ಬಡಿಸಿದಳು. ಮಗಳಿಗೂ ನನಗೆ ಹೇಳಿದಷ್ಟೇ ಮರ್ಯಾದೆಯಿಂದ ಇನ್ನೊಂದು ರೊಟ್ಟಿ ಹಾಕಿಕೊಳ್ಳಲು ಹೇಳಿದಳು. ಊಟದ ನಡುವೆ ನಾನು ಬಾಯಿ ತೆರೆದೆ. ಹೊರಬಂದದ್ದು ಬೇರೆಯೇ ಮಾತು. ಅವತ್ತು ವಿಮಾನದವರ ಕಾಯ್ದೆ ಹಾಗಿತ್ತು, ನಾವಾದರೂ ಏನು ಮಾಡುವುದು ಎಂದೆ. ಕಾಯ್ದೆ ಎಂದರೆ ಕಾಯ್ದೆ ಬಿಡಿ ಎಂದು ಅವಳು ನನ್ನ ತಾಟಿಗೆ ತುಪ್ಪ ಹಾಕಿದಳು. ನೆಗೆಣ್ಣಿ ತುತ್ತು ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು. ಹೊರಡುವ ಮೊದಲು ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೊರಡುವಾಗ ಅವಳು ಪಡಸಾಲೆಯಲ್ಲಿ ಮಣೆ ಹಾಕಿ, ದೊಡ್ಡವರು ನೀವು ಎಂದು ನನ್ನನ್ನು ಕೂಡಿಸಿದಳು. ಮನೆಗೆ ಬಂದ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವ ಹೆಂಗಸಲ್ಲ ಅದು. ನಾನು ಸೆರಗು ಒಡ್ಡಿದೆ. ಮೊದಲ ಬೊಗಸೆ ಅಕ್ಕಿ ಬಿತ್ತು. ಹನ್ನೊಂದು ವರ್ಷದ ಮೇಲೆ ಒಬ್ಬ ತಾಯಿಯ ಕೈಯಿಂದ ನನ್ನ ಉಡಿಗೆ ಬಿದ್ದ ಅಕ್ಕಿ ಅದು. ಎರಡು, ಮೂರು. ಕೊಬ್ಬರಿ, ಉತ್ತತ್ತಿ, ಹಸಿರು ಖಣ. ನನ್ನ ಕಣ್ಣಲ್ಲಿ ನೀರು ಬಂತು. ಪಶ್ಚಾತ್ತಾಪದ ನೀರು ಎಂದು ಬರೆದರೆ ಸುಳ್ಳಾಗುತ್ತದೆ. ಸುಖದ ನೀರು ಅದು. ಈಗ ಬಾಯಿ ಬಿಟ್ಟರೆ ಈ ಕೈ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು.

ನಾನು ಎದ್ದೆ. ನೆಗೆಣ್ಣಿ ಮುಂದೆ ಬಂದು ಸೆರಗನ್ನು ಎರಡೂ ಕೈಯಿಂದ ಹಿಡಿದು ನಿಂತಳು. ತಾಯಿ ಬಗ್ಗಿ ಮಣೆ ಎತ್ತಿ ಗೋಡೆಗೆ ಆನಿಸಿದಳು.

"ನಿನಗ ಬ್ಯಾಡವ. ನಿನಗ ಭಾರ ಆಗ್ತೈತಿ."

ನೆಗೆಣ್ಣಿ ಸೆರಗು ಬಿಡಲಿಲ್ಲ. ಹಾಗೆಯೇ ಒಡ್ಡಿಕೊಂಡು ನನ್ನತ್ತ ತಿರುಗಿದಳು. ನನ್ನಿಂದ ಬೇಕಾಗಿದ್ದದ್ದು ಒಂದೇ ಮಾತು. ಅದನ್ನು ಹೇಳಿದ್ದರೆ ಆ ತಾಯಿ ಮಣೆಯನ್ನು ತಿರುಗಿ ಹಾಕುತ್ತಿದ್ದಳು. ನಾನು ತುಂಬಿದ ಉಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದೆ.

ಬಸ್ಸಿನಲ್ಲಿ ನನಗೆ ನಾಚಿಕೆಯಾಗಿ, ಇದರಲ್ಲಿ ಅರ್ಧ ನೀನು ತಗೋ ಎಂದು ಅವಳಿಗೆ ಹೇಳಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಅದು ನಿಮ್ಮ ಉಡಿರಿ ಅಕ್ಕಾರ. ನೀವ ಹೊರಬೇಕು."

ಮರುದಿನ ಆ ಅಕ್ಕಿಯ ಅನ್ನವನ್ನು ಅವಳೇ ಮಾಡಿದಳು. ದೇವರಿಗೆ ತೋರಿಸಿ, ನನ್ನ ತಾಟಿಗೆ ಬಡಿಸಿ, ತನಗೆ ಮನೆಯ ಅಕ್ಕಿಯ ಅನ್ನ ಹಾಕಿಕೊಂಡು ಎದುರಿಗೆ ಕೂತಳು. ನಾನು ಉಂಡೆ. ಅನ್ನ ರುಚಿಯಾಗಿತ್ತು, ಎರಡನೇ ಸಲವೂ ಹಾಕಿಸಿಕೊಂಡೆ. ಇದಾಗಿ ಎರಡು ವರ್ಷ. ಕರ್ಜಗಿಗೆ ಹಾವೇರಿಯಿಂದ ದಿನಕ್ಕೆ ಎಷ್ಟೋ ಬಸ್ಸುಗಳಿವೆ. ನಾನು ಇನ್ನೂ ಹೋಗಿ ಹೇಳಿಲ್ಲ.